ಪಾದವಿಲ್ಲದವನ ಹೆಜ್ಜೆ

ಚಿಲೊಯೆ ದ್ವೀಪದಲ್ಲಿ ಕಡಲು ದಿನಕ್ಕೆರಡು ಸಲ
ಊರು ಬಿಟ್ಟು ಹೋಗುತ್ತದೆ.
ಉಳಿದ ಕೆಸರಲ್ಲಿ ಗೂಟದ ಮನೆಗಳು
ಮೊಣಕಾಲು ತೋರಿಸಿ ನಾಚದೆ ನಿಲ್ಲುತ್ತವೆ.
ಆಗ ಎಲ್ಲ ಕಾಣುತ್ತದೆ: ಒಡೆದ ತಟ್ಟೆ, ತುಕ್ಕು ತಿಂದ ಲಂಗರು,
ಯಾರೋ ಎಸೆದ ಒಂಟಿ ಬೂಟು.

ಇಲ್ಲಿಯ ಕಾಡಿನಲ್ಲೊಬ್ಬನಿದ್ದಾನೆ, ತ್ರಾವುಕೊ.
ಎತ್ತರ ನಾಲ್ಕು ಗೇಣು,
ಕೈಯಲ್ಲಿ ಕಲ್ಲಿನ ಕೊಡಲಿ, ಮೈಗೆ ಬಳ್ಳಿ ಹೆಣೆದ ಅಂಗಿ,
ಮುಖವೋ, ಬೂದಿಯಲ್ಲಿ ಮರೆತುಬಿಟ್ಟ ಆಲೂಗಡ್ಡೆ.
ಪಾದಗಳಿಲ್ಲ.
ಮೋಟುಕಾಲಲ್ಲಿ ಮರದ ಬುಡಕ್ಕೊರಗಿ
ಒಮ್ಮೆ ನೋಡಿದನೆಂದರೆ ಮುಗಿಯಿತು,
ಮದುವೆಯಾಗದ ಹುಡುಗಿ ಸೌದೆ ಹೊರೆ ಕೆಳಗಿಟ್ಟು
ನಿದ್ದೆಯಲ್ಲಿ ನಡೆದಂತೆ ನಡೆದುಬಿಡುತ್ತಾಳೆ.
ತಪ್ಪು ಅವಳದಲ್ಲ. ಯಾರದ್ದೂ ಅಲ್ಲ.
ಒಂಬತ್ತು ತಿಂಗಳಿಗೆ ಊರು
ಎದೆಯ ಮೇಲೆ ಶಿಲುಬೆ ಬರೆದುಕೊಂಡು
ತೊಟ್ಟಿಲು ತಂದುಕೊಡುತ್ತದೆ.

ಇದನ್ನು ಹೇಳಿದವಳು ಅಜ್ಜಿ, ಎದೆಲ್ಮಿರಾ,
ಒಲೆಯ ಕಡೆ ಕಾಲು ಚಾಚಿ ಉಣ್ಣೆ ನೂಲುತ್ತ.
ನನ್ನಮ್ಮ ಓತಿಲಿಯಾ ಹುಟ್ಟಿದ್ದೇ ಹಾಗೆ.
ಚರ್ಚಿನ ದಫ್ತರದಲ್ಲಿ ಅವಳ ತಂದೆಯ ಜಾಗ ಖಾಲಿ,
ಊರ ಬಾಯಲ್ಲಿ ಮಾತ್ರ ಭರ್ತಿ.
ಶಾಲೆಯಲ್ಲಿ ನಾನು ಬೀಗುತ್ತಿದ್ದೆ:
ನನ್ನಜ್ಜ ಕಾಡಿಗೇ ದೊರೆ, ನಿಮ್ಮಜ್ಜಂದಿರು ಬರೀ ಮೀನುಗಾರರು.

ಅಜ್ಜಿ ಉಪಾಯವನ್ನೂ ಕಲಿಸಿದ್ದಳು.
ಮಲಗುವ ಮುಂಚೆ ಮೇಜಿನ ಮೇಲೆ ಬೊಗಸೆ ಮರಳು ಚೆಲ್ಲು,
ಅವನಿಗದೊಂದು ಚಟ,
ಕಣಕಣವನ್ನೂ ಎಣಿಸದೆ ಏಳಲಾರ,
ಅಷ್ಟರಲ್ಲಿ ಬೆಳಗಾಗುತ್ತದೆ.
ನಮ್ಮ ಮನೆಯ ತುಂಬ ಮರಳು.
ರೊಟ್ಟಿಯಲ್ಲೂ ಹಲ್ಲಿಗೆ ಸಿಗುತ್ತಿತ್ತು.

ಸೂಲಗಿತ್ತಿಯ ಓದು ಮುಗಿಸಿ ಬಂದ ವರ್ಷ
ನಾನು ಬಹಳ ತಿಳಿದವಳು.
"ಅಜ್ಜೀ, ತ್ರಾವುಕೊ ಅಂದರೆ ಒಂದು ರೂಪಕ."
"ಹಾಗಂದರೆ?"
"ಒಂದನ್ನು ಹೇಳಲಾಗದೆ ಇನ್ನೊಂದನ್ನು ಹೇಳುವುದು."
ಕದಿರು ನಿಂತಿತು.
"ಹಾಗಾದರೆ ಸರಿ," ಅಂದಳು.

ಆಮೇಲೆ, ನಾಳೆ ಗಾಳಿ ಎದ್ದೀತು ಅನ್ನುವ ದನಿಯಲ್ಲಿ:
"ಆ ರಾತ್ರಿ ಮಳೆ. ಬೆಳಿಗ್ಗೆ ಬಾಗಿಲ ಮುಂದೆ ಕೆಸರಲ್ಲಿ
ಬೂಟಿನ ಗುರುತು. ಎಡಗಾಲಿನ ಹಿಮ್ಮಡಿ ಸವೆದಿತ್ತು.
ಅಪ್ಪನ ತಮ್ಮ ಬೆಲಿಸಾರಿಯೊ ಹಾಗೇ ಕುಂಟುತ್ತಿದ್ದ.
ಅವ್ವ ಬಂದು ನೋಡಿದಳು,
ಪೊರಕೆ ತಂದು ಗುಡಿಸಿದಳು.
ಕೆಸರನ್ನು ಯಾರಾದರೂ ಗುಡಿಸುತ್ತಾರೇನೆ?
ಗುಡಿಸಿ, ಗುಡಿಸಿ, ಅಂದಳು: ತ್ರಾವುಕೊ ಬಂದಿದ್ದ."

ನಾನು ಎದ್ದು ನಿಂತೆ. ಯಾವ ಗೋರಿಯನ್ನು ಒದೆಯಲಿ?

"ಕೂತುಕೋ. ಆ ಸುಳ್ಳಿಲ್ಲದಿದ್ದರೆ
ನನ್ನನ್ನು ದೋಣಿ ಹತ್ತಿಸುತ್ತಿದ್ದರು,
ನಿನ್ನಮ್ಮನನ್ನು ಅನಾಥಾಲಯಕ್ಕೆ ಕೊಡುತ್ತಿದ್ದರು.
ಅದು ನನಗೆ ಕಂಬಳಿ. ಚುಚ್ಚುತ್ತಿತ್ತು, ಬೆಚ್ಚಗೂ ಇತ್ತು.
ಅವನೂ ಅದನ್ನೇ ಹೊದ್ದು
ಎಂಬತ್ತರವರೆಗೆ ಸುಖವಾಗಿ ನಿದ್ದೆ ಮಾಡಿದ.
ಒಂದೇ ಕಂಬಳಿಯಡಿ ನಮ್ಮಿಬ್ಬರನ್ನೂ ಮಲಗಿಸಿದರಲ್ಲ,
ಅದೊಂದನ್ನು ಮಾತ್ರ ನಾನು ಕ್ಷಮಿಸಿಲ್ಲ."

ನೂಲು ಕಡಿದಿತ್ತು. ಎಂಜಲು ಹಚ್ಚಿ ಹೊಸೆದಳು.

ಅಜ್ಜಿ ಈಗಿಲ್ಲ. ದ್ವೀಪಕ್ಕೆ ಮೊಬೈಲು ಗೋಪುರ ಬಂದಿದೆ,
ಪ್ರವಾಸಿಗರಿಗೆ ಮರದ ತ್ರಾವುಕೊ ಗೊಂಬೆ
ದೋಣಿಕಟ್ಟೆಯಲ್ಲಿ ಮಾರಾಟಕ್ಕಿದೆ,
ಕೀಲಿ ತೂಗಿಸಲು ಬೆನ್ನಿಗೊಂದು ಕೊಕ್ಕೆ.

ಇವತ್ತು ಆರೋಗ್ಯ ಕೇಂದ್ರಕ್ಕೆ ತಾಯಿ, ಮಗಳು ಬಂದರು.
ಅರ್ಜಿಯಲ್ಲಿ ಅದೇ ಹಳೆಯ ಖಾಲಿ ಜಾಗ.
ತಾಯಿ ನಕ್ಕಳು, ಕಣ್ಣು ನಗಲಿಲ್ಲ:
"ತ್ರಾವುಕೊ ಅಂತ ಬರೆದುಕೊಳ್ಳಿ ಮೇಡಂ."
ಹುಡುಗಿ ತಲೆಯೆತ್ತಲಿಲ್ಲ. ಬೂಟಿಗಂಟಿ ಬಂದ
ತೀರದ ಮರಳು ನೆಲದ ಮೇಲಿತ್ತು,
ಬೂಟಿನ ತುದಿಯಿಂದ ಕಣಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು.

ತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ.
ಕಿಟಕಿಯಾಚೆ ನೀರು ಇಳಿಯುತ್ತಿತ್ತು.
ಪೆನ್ನು ಕೆಳಗಿಟ್ಟೆ. ಒಂದೇ ಪ್ರಶ್ನೆ,
ಅಜ್ಜಿಯನ್ನು ಯಾರೂ ಕೇಳದೆ ಬಿಟ್ಟದ್ದು:

"ಅವನಿಗೆ ಪಾದಗಳಿದ್ದವಾ, ಮಗೂ?"

ಅವಳು ಎಣಿಸುವುದನ್ನು ನಿಲ್ಲಿಸಿದಳು.